ಮಾದೇವಿಯ ಕಾಮಾಲೆ

೨೦೦೫ರ ಸುಮಾರಿನ ಮಳೆಗಾಲ. ನಾನಾಗ ಅಂಕೋಲಾ ತಾಲ್ಲೂಕಿನ ಭಾವಿಕೇರಿ ಕಡೆಯ ಉಪಕೇಂದ್ರವೊಂದರಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಹುದ್ದೆಯ ಹೆಸರು ಮಾತ್ರ ಉದ್ದ. ಊರವರ ಬಾಯಲ್ಲಿ ಬರೀ ‘ಅಕ್ಕೋರು’. ಹುಟ್ಟಿ ಬೆಳೆದದ್ದು ಕಾರವಾರದ ಕ್ರೈಸ್ತ ಮನೆಯಲ್ಲಿ. ಒಳ್ಳೆಯದು ಯಾವುದೆಂದು ತಿಳಿದೂ ಸುಮ್ಮನೆ ಕೂತವಳ ಪ್ರಾರ್ಥನೆ ಬರೀ ಬಾಯಿಪಾಠ ಎಂದು ತಾಯಿ ಹೇಳುತ್ತಿದ್ದಳು. ನಾನು ಅದನ್ನು ನಂಬಿದ್ದೆ.

ನಾಟಿ ಮುಗಿಯುವ ಹೊತ್ತಿಗೆ, ಗದ್ದೆಗೆ ಕೂಲಿಗೆ ಹೋಗುತ್ತಿದ್ದ ಮಾದೇವಿ ಜ್ವರ ಬಂದು ಮಲಗಿದಳು. ಕಣ್ಣು ಹಳದಿಯಾದದ್ದೇ ಮನೆಯವರು ಕಾಮಾಲೆಯೆಂದು ತೀರ್ಮಾನಿಸಿ ಹಳ್ಳಿಮದ್ದು ತಂದರು. ಆ ಮದ್ದಿಗೆ ಪಥ್ಯ ಕಟ್ಟುನಿಟ್ಟು: ಊಟಕ್ಕೆ ಬರೀ ಉಪ್ಪಿಲ್ಲದ ಗಂಜಿ; ಎಣ್ಣೆ, ಮೀನು ಮುಟ್ಟುವಂತಿಲ್ಲ; ಪಥ್ಯ ಮುಗಿಯುವ ತನಕ ಇಂಗ್ಲಿಷ್ ಮದ್ದು ಸೋಕಲೇಬಾರದು. ಹಾಗಾಗಿ ನನಗೆ ಸುದ್ದಿ ಮುಟ್ಟದಂತೆ ನೋಡಿಕೊಂಡರು. ಪಕ್ಕದ ಮನೆಯ ಮಗುವಿಗೆ ಲಸಿಕೆ ಹಾಕಲು ಹೋದಾಗಲೇ ನನಗೆ ಗೊತ್ತಾದದ್ದು.

ಹೋಗಿ ನೋಡಿದೆ. ಕಾಲಿನ ಮೀನಖಂಡ ಮುಟ್ಟಿದರೆ ಚೀರುತ್ತಿದ್ದಳು. ಮೂತ್ರ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಇದು ಇಲಿ ಜ್ವರ, ವೈದ್ಯರ ಭಾಷೆಯಲ್ಲಿ ಲೆಪ್ಟೊಸ್ಪೈರೋಸಿಸ್. ಇಲಿಯ ಮೂತ್ರ ಬೆರೆತ ಗದ್ದೆನೀರಿನಿಂದ ರೋಗಾಣು ಕಾಲಿನ ಗಾಯದ ಮೂಲಕ ಒಳಹೊಕ್ಕು ಕಿಡ್ನಿಯನ್ನು ಕೆಡಿಸುತ್ತದೆ. ಮೊದಲೇ ಸಿಕ್ಕರೆ ಪೆನಿಸಿಲಿನ್‌ಗೆ ಬಗ್ಗುತ್ತದೆ.

ಗಂಡ ತಿಮ್ಮಣ್ಣ ಅಡ್ಡ ನಿಂತ. “ಪಥ್ಯದಲ್ಲಿದ್ದವ್ಳಿಗೆ ಸೂಜಿ ಚುಚ್ಚಿದ್ರೆ ಮದ್ದು ಇಸಾ ಆಗ್ತದೆ ಅಕ್ಕೋರೆ. ಬ್ಯಾಡಾ.”

ಅವನೊಡನೆ ವಾದ ಬಿಟ್ಟು ಮಾದೇವಿಯನ್ನೇ ಕೇಳಿದೆ. ಅವಳ ಎರಡೂ ಹೆರಿಗೆ ಮಾಡಿಸಿದವಳು ನಾನು.

“ಅಕ್ಕೋರು ಕರದ್ರೆ ನಾ ಬತ್ತೆ” ಅಂದಳು.

ಬಾಡಿಗೆ ಜೀಪಿನಲ್ಲಿ ಕಾರವಾರದ ಆಸ್ಪತ್ರೆಗೆ ಸೇರಿಸಿದೆ. ಇಂಜೆಕ್ಷನ್ ಶುರುವಾಯಿತು. ಆದರೆ ಕಿಡ್ನಿ ಕೈಕೊಟ್ಟಿತ್ತು. ವೈದ್ಯರು ಡಯಾಲಿಸಿಸ್‌ಗೆಂದು ಮಂಗಳೂರಿಗೆ ಒಯ್ಯಲು ಹೇಳಿದರು. ಆಂಬುಲೆನ್ಸ್ ಸಿಗುವಷ್ಟರಲ್ಲಿ ಮಾದೇವಿ ತೀರಿಹೋದಳು.

“ಮದ್ದು ಕೆಡ್ಸಿ ಕೊಂದ್ರಿ ನೀವು” ಎಂದ ತಿಮ್ಮಣ್ಣ. ಊರು ಅದನ್ನೇ ನಂಬಿತು. ಮನೆಯಲ್ಲೇ ಸತ್ತಿದ್ದರೆ ಹಳ್ಳಿಮದ್ದಿನ ಮೇಲೆ ಒಂದಾದರೂ ಗುಮಾನಿ ಏಳುತ್ತಿತ್ತು. ಸತ್ತದ್ದು ನಮ್ಮ ಸೂಜಿಯ ಕೈಯಲ್ಲಿ. ಇಗರ್ಜಿಯಲ್ಲಿ ಪಾದ್ರಿಗಳ ಮುಂದೆ ಅತ್ತೆ. “ಮಾಡೂದು ನಿನ್ನ ಕೆಲ್ಸ ಮಗಳೇ, ಫಲ ದೇವರಿಗೆ ಬಿಡು” ಅಂದರು. ಹೆಣ ಇಳಿಸುವಾಗ ತಿಮ್ಮಣ್ಣನ ಅಂಗಳದಲ್ಲಿ ನಿಂತು ಬೈಸಿಕೊಂಡವಳು ನಾನಲ್ಲವೇ ಎಂದು ನನಗೆ ಕೆಟ್ಟ ಸಿಟ್ಟು ಬಂತು.

ಮರುವರ್ಷದ ನಾಟಿಯಲ್ಲಿ ತಿಮ್ಮಣ್ಣನ ತಮ್ಮ ಗಣಪ ಹಾಗೆಯೇ ಮಲಗಿದ. ಈ ಸಲ ಸುದ್ದಿ ಬೇಗ ಸಿಕ್ಕಿತ್ತು, ಉಳಿಸಬಹುದಿತ್ತು. ತಿಮ್ಮಣ್ಣ ಬೇಲಿಯಲ್ಲೇ ತಡೆದ. “ಇನ್ನೊಂದು ಹೆಣಾ ಬೇಕಾ ನಿಮ್ಗೆ?” ಅಂಗಲಾಚಿದೆ. ಮರುದಿನ ವೈದ್ಯರನ್ನೇ ಕರೆತಂದೆ. ಬಾಗಿಲು ತೆರೆಯಲಿಲ್ಲ. ಗಣಪ ಪಥ್ಯದಲ್ಲೇ ಸತ್ತ. ಅವನ ಸಾವಿಗೆ ಯಾರೂ ಯಾರನ್ನೂ ದೂರಲಿಲ್ಲ.

ಮಾದೇವಿಯನ್ನು ಅಂದು ಕರೆದೊಯ್ಯದೆ ಇದ್ದಿದ್ದರೆ ಗಣಪ ಬದುಕುತ್ತಿದ್ದನೋ ಏನೋ. ನಿವೃತ್ತಳಾದ ಮೇಲೂ ಈ ಯೋಚನೆ ನನ್ನನ್ನು ತಿನ್ನುತ್ತದೆ. ದೇವರ ಮಾತು ಕೇಳಿದವರಿಗೆ ಒಳ್ಳೆಯದೇ ಆಗುತ್ತದೆಂದು ಯಾರಾದರೂ ಬೋಧಿಸಿದರೆ ಎದ್ದು ಹೊರಗೆ ಹೋಗುತ್ತೇನೆ. ತಿಳಿದದ್ದನ್ನು ಮಾಡಿದರೆ ಏನಾದೀತೆಂದು ಯಾರಿಗೂ ತಿಳಿಯುವುದಿಲ್ಲ. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಆದರೂ ಹಳದಿ ಕಣ್ಣಿನವಳೊಬ್ಬಳು ಬರುತ್ತೇನೆ ಅಂದರೆ ಇವತ್ತೂ ಕರೆದುಕೊಂಡು ಹೋಗುತ್ತೇನೆ. ಬೇರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ.