ಉಗುರಿಲ್ಲದ ಹೆಬ್ಬೆರಳು

ತಾತನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವಾಗಲೋ ಬುಡಸಮೇತ ಕಿತ್ತುಹೋಗಿ, ಅಲ್ಲಿ ನುಣ್ಣನೆಯ ಚರ್ಮ ಬೆಳೆದಿತ್ತು. ಆ ಬೆರಳಲ್ಲೇ ಸೀಗಡಿಯ ಬೆನ್ನು ಒತ್ತಿ ನೋಡುತ್ತಿದ್ದ. "ಉಗುರು ತಾಕುದ್ರೆ ಮೆತ್ತಗಿರೋದು ಒಡ್ದೋಯ್ತದೆ ಕಣವ್ವ," ಎನ್ನುತ್ತಿದ್ದ.

ಕಿರುಗಾವಲು ಊರಿನ ಆಚೆ, ಮೀನುಗಾರರ ಸಂಘದವರು ಸೀಗಡಿ ಬಿಟ್ಟಿದ್ದ ಕೆರೆಗೆ ಅವನು ಕಾವಲುಗಾರ, ಎಲ್ಲರಿಗೂ ತಾತ. ನಾನು ಮಳವಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಸಂಘದ ಲೆಕ್ಕದ ಪುಸ್ತಕ ಬರೆಯುವವಳು. ಸೀಗಡಿ ಬೆಳೆಯುವಾಗ ಹಳೆಯ ಚಿಪ್ಪು ಕಳಚುತ್ತದೆ. ಹೊಸದು ಗಟ್ಟಿಯಾಗುವವರೆಗೆ ಅದರ ಮೈ ಬೆಣ್ಣೆ. ಆಗ ಬಲೆ ಎಳೆದರೆ ಜಜ್ಜಿ ಸಾಯುತ್ತವೆ, ಇಡೀ ಬೆಳೆ ಹಾಳು. ಅದಕ್ಕೇ ಹಿಡಿದು ನೋಡಿ 'ಗಟ್ಟಿ' ಇಲ್ಲವೇ 'ಮೆತ್ತಗೆ' ಎಂದು ಬರೆಯಬೇಕಿತ್ತು. ಅವಸರ ಮಾಡುವವರನ್ನು ತಾತ ರೇಗಿಸುತ್ತಿದ್ದ: "ಅವು ಬಟ್ಟೆ ಬದ್ಲಾಯಿಸ್ತಾ ಅವೆ, ಈಗೋಗಿ ಬಾಗ್ಲು ತಟ್ಟೀರಾ?"

ನನಗೆ ನೀರೆಂದರೆ ಭಯ. ಅದಕ್ಕಿಂತ ದೊಡ್ಡ ಭಯ ಸಂಘದ ಅಧ್ಯಕ್ಷರದು. ಕೆರೆ ಏರಿಯ ಮೇಲೆ ಅವರ ಬೈಕಿನ ಸದ್ದು ಕೇಳಿದರೆ ಸಾಕು, ಪುಸ್ತಕ ತೆರೆದು ತಲೆ ತಗ್ಗಿಸಿಬಿಡುತ್ತಿದ್ದೆ.

ತಾತ ಜ್ವರದಲ್ಲಿ ಮಲಗಿದ್ದ ವಾರ ಅಧ್ಯಕ್ಷರು ಬಂದು, "ನಾಳೆ ಲಾರಿ ಬತ್ತದೆ. ನೋಡಿ ಬರ್ದುಬುಡಮ್ಮ," ಎಂದು ಹೇಳಿ ಹೋದರು. ದಡದಲ್ಲೇ ನಿಂತು ಮೇವು ಎರಚಿ, ಅಲ್ಲಿಗೆ ಬಂದವನ್ನಷ್ಟೇ ಹಿಡಿದು ನೋಡಿದೆ. ಎಲ್ಲವೂ ಗಟ್ಟಿ. ಆದರೆ ಚಿಪ್ಪು ಬಿಟ್ಟವು ಮೇವಿಗೆ ಬರುವುದೇ ಇಲ್ಲ. ಮಿಕ್ಕವು ತಿಂದುಬಿಟ್ಟಾವೆಂದು, ನೀರಲ್ಲಿ ಮುಳುಗಿಸಿಟ್ಟ ತೆಂಗಿನ ಗರಿಯ ಕಟ್ಟುಗಳಲ್ಲಿ ಅವಿತಿರುತ್ತವೆ. ತಾತ ಅದನ್ನು ನೂರು ಸಲ ಹೇಳಿದ್ದ. ಅಲ್ಲಿ ಕುತ್ತಿಗೆಮಟ್ಟ ನೀರು. ನಾನು ಇಳಿಯಲಿಲ್ಲ. 'ಗಟ್ಟಿ' ಎಂದು ಬರೆದೆ.

ಬೆಳಿಗ್ಗೆ ತಾತನನ್ನು ನೋಡಲು ಹೋದೆ. "ಗರಿ ಕಟ್ಟು ಎತ್ತಿ ನೋಡ್ದಾ?" ಎಂದ.

"ನೋಡ್ದೆ ತಾತ."

ನನ್ನ ಮುಖವನ್ನೇ ನೋಡಿದ. ಕಂಬಳಿ ಸರಿಸಿ ಎದ್ದು ಹೊರಟ. ಅಯ್ಯೋ, ಈಗ ಎಲ್ಲರ ಮುಂದೆ ಹೇಳಿಬಿಡುತ್ತಾನೆ, ಕೆಲಸ ಹೋಯಿತು ಎಂದುಕೊಳ್ಳುತ್ತಲೇ ಹಿಂದೆ ನಡೆದೆ. ಬಲೆ ಆಗಲೇ ಏರಿಗೆ ಬಂದಿತ್ತು. ತಾತ ಜ್ವರದ ಮೈಯಲ್ಲೇ ನೀರಿಗಿಳಿದು ಒಂದು ಕಟ್ಟನ್ನು ಎತ್ತಿದ. ಬಿಳಿಚಿಕೊಂಡ ಸೀಗಡಿಗಳು ಗರಿಗಳ ಸಂದಿಯಿಂದ ಪಟಪಟನೆ ಉದುರಿದವು. ಒಂದೂ ಗಟ್ಟಿಯಿರಲಿಲ್ಲ.

"ಮತ್ತೆ ಗಟ್ಟಿ ಅಂತ ಬರ್ದದ್ಯಾರು?" ಅಧ್ಯಕ್ಷರು ಗುಡುಗಿದರು.

"ನಾನೇ ಏಳಿ ಬರೆಸ್ದೆ ಸ್ವಾಮಿ. ಜ್ವರದಲ್ಲಿ ತಿಳೀನಿಲ್ಲ," ಎಂದ ತಾತ, ನೀರಲ್ಲೇ ನಿಂತು. ಲಾರಿ ಖಾಲಿ ಹೋಯಿತು, ಬೆಳೆ ಉಳಿಯಿತು. ತಾತನನ್ನು ಅಂದೇ ಕಾವಲಿನಿಂದ ಬಿಡಿಸಿದರು. ನಾನು ತುಟಿ ಬಿಚ್ಚಲಿಲ್ಲ.

ಮನೆಗೆ ಬಿಡಲು ಹೋದಾಗ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನೀನಿನ್ನೂ ಮೆತ್ತಗಿದೀಯ ಕಣವ್ವ. ಗಟ್ಟಿಯಾದ್ಮೇಲೆ ಬೈಸ್ಕೊಳೀವಂತೆ, ಬುಡು," ಎಂದು ನಕ್ಕ.

ಆಮೇಲೆ ಅವನು ಎರಡು ವರ್ಷ ಬದುಕಿದ್ದ. ನಾನು ಗರಿ ಕಟ್ಟು ಎತ್ತಲು ಕಲಿತೆ, ಪ್ರತಿ ಸಲವೂ ಹೆದರುತ್ತಲೇ. ಹೆಬ್ಬೆರಳ ಉಗುರನ್ನು ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದೆ. ನಿಜ ಮಾತ್ರ ಬಾಯಿಂದ ಬಂದಿರಲಿಲ್ಲ.

ಅವನ ತಿಥಿಗೆ ಅಧ್ಯಕ್ಷರೂ ಬಂದಿದ್ದರು. ಅವರು ಎಲೆ ಮುಂದಿನಿಂದ ಎದ್ದು ಕೈ ತೊಳೆಯುತ್ತಿದ್ದಾಗ ಹತ್ತಿರ ಹೋಗಿ, ಅಂದು ನೋಡದೆ ಬರೆದವಳು ನಾನು, ತಾತನಲ್ಲ ಎಂದೆ. ಊರವರೆಲ್ಲ ಕೇಳುವಂತೆ ಬೈದರು. ಕದಲದೆ, ಪೂರ್ತಿ ಬೈಸಿಕೊಂಡೆ.