ಹಲ್ಲು ಎಣಿಸುವವರ ಮುಂದೆ ಸತ್ಯವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುರೇಬಾನದಾಚೆಯ ಎರೆಹೊಲದಲ್ಲಿ ಸತ್ಯವ್ವ ಆಗಲೇ ಮೂರನೆಯ ಸಾಲಿನಲ್ಲಿದ್ದಾರೆ. ಒಣಗಿ ನಿಂತ ಕುಸುಬಿಯ ಮೇಲೆ ಇಬ್ಬನಿ ಇರುವಷ್ಟು ಹೊತ್ತು ಮುಳ್ಳು ಮೆತ್ತಗೆ, ಬಿಸಿಲೇರಿದರೆ ಸೂಜಿ. ಸೊಂಟದೆತ್ತರದ ಕಬ್ಬಿಣದ ಸಲಕರಣೆಯನ್ನು ಗಿಡದ ಬುಡಕ್ಕೆ ಒಯ್ದು ಹಿಡಿಕೆ ಒತ್ತುತ್ತಾರೆ. ಆರು ಹಲ್ಲುಗಳು ಕಾಂಡವನ್ನು ಕಚ್ಚುತ್ತವೆ. ಹಿಂದಕ್ಕೆ ವಾಲಿಸಿದರೆ ಗಿಡ ಬೇರುಸಮೇತ ಈಚೆ. ಬಗ್ಗಬೇಕಿಲ್ಲ, ಮುಟ್ಟಬೇಕಿಲ್ಲ. ಊರವರ ಬಾಯಲ್ಲಿ ಇದು ‘ಸತ್ಯವ್ವನ ಚಿಮಟಾ’.

“ಮೊದಲ ಕೈಲೇನ ಕೀಳತಿದ್ವಿರಿ. ಅರಿವಿ ಸುತ್ತಿಕೊಂಡ್ರೂ ಮುಳ್ಳು ಒಳಗ ಮುರೀತಿತ್ತು. ರೊಟ್ಟಿ ಬಡಿಯಾಕ ಕುಂತ್ರ ಹಿಟ್ಟಿನಾಗ ರಕ್ತ.”

ಐವತ್ತೆರಡರ ಸತ್ಯವ್ವ ಹದಿನಾಲ್ಕನೆಯ ವಯಸ್ಸಿನಿಂದ ಕೂಲಿಗೆ ಹೋಗುವವರು. 1998ರ ಸುಗ್ಗಿಯಲ್ಲಿ ಅಕ್ಕ ಮಾಯವ್ವನ ಬೆರಳಲ್ಲಿ ಮುರಿದ ಮುಳ್ಳು ಕೀವಾಗಿ, ಬೆರಳನ್ನೇ ತೆಗೆಯಬೇಕಾಯಿತು. ಆ ಸಿಟ್ಟಿನಲ್ಲೇ ಹಳೆಯ ಸೈಕಲ್ ಬ್ರೇಕು, ಒಂದು ಸ್ಪ್ರಿಂಗು ಹಿಡಿದುಕೊಂಡು ರಾಮದುರ್ಗದ ವೆಲ್ಡಿಂಗ್ ಅಂಗಡಿಗೆ ನಡೆದರು. ಐದು ಸುಗ್ಗಿಗಳ ಕಾಲ ಕೆಡವಿ ಕಟ್ಟಿದ ಮೇಲೆ ಚಿಮಟಾ ಹದಕ್ಕೆ ಬಂತು. ದಿನಕ್ಕೆ ಆರು ಸಾಲು ಕೀಳುತ್ತಿದ್ದವರು ಈಗ ಹನ್ನೊಂದು ಕೀಳುತ್ತಾರೆ.

2003ರಲ್ಲಿ ನಿವೃತ್ತ ಮಾಸ್ತರ ಕೃಷ್ಣಾಜಿ ಇಂಗ್ಲಿಷಿನಲ್ಲಿ ಪೇಟೆಂಟ್ ಅರ್ಜಿ ಬರೆದುಕೊಟ್ಟರು. ನಾಲ್ಕು ವರ್ಷ ಕಾದ ಮೇಲೆ ಪೇಟೆಂಟ್ ಕಚೇರಿಯಿಂದ ಬಂದ ಉತ್ತರ ಇಷ್ಟು: ಕುಸುಬಿ ಕೀಳಲು ಕವೆಗೋಲು ಹಿಂದಿನಿಂದಲೂ ಇದೆ. ಆದ್ದರಿಂದ ನಿಮ್ಮ ಹಕ್ಕನ್ನು ಆರು ಹಲ್ಲಿನ ಉಪಕರಣಕ್ಕಷ್ಟೇ ಇಳಿಸಿಕೊಳ್ಳಿ. ಇಲ್ಲವಾದರೆ ಅರ್ಜಿ ತಿರಸ್ಕೃತ.

ಅಷ್ಟರಲ್ಲಿ ರಾಮದುರ್ಗದ ಪೇಟೆಯಲ್ಲಿ ಅದೇ ಚಿಮಟಾ ಮಾರಾಟಕ್ಕೆ ತೂಗಾಡುತ್ತಿತ್ತು. ಯಾವುದೋ ಕಾರ್ಖಾನೆಯ ಮಾಲು. ಹಲ್ಲು ಮಾತ್ರ ಏಳು.

“ಒಪ್ಪಿಕೊಂಡ ಬಿಡವ್ವಾ, ಆರ ಹಲ್ಲಿಂದಾದ್ರೂ ಸಿಗ್ತದ,” ಎಂದರು ಮಾಸ್ತರರು.

ಸತ್ಯವ್ವ ಸಿಡಿದರು. “ಏನ್ ಮಾತಂತ ಆಡತೀರಿ ಸರ? ನಾ ಹಲ್ಲಿಗೆ ಹಕ್ಕು ಕೇಳಿಲ್ಲ, ಹಿಡಿಯೂ ರೀತಿಗೆ ಕೇಳೇನಿ. ಇನ್ನೊಂದ ಹಲ್ಲು ಹಚ್ಚಿದಾಂವ ಇದರ ಅಪ್ಪ ಆಗತಾನೇನು?”

ಅರ್ಜಿ ತಿರಸ್ಕೃತವಾಯಿತು. ಮೇಲ್ಮನವಿ ಹಾಕಿದರು. 2009ರಲ್ಲಿ ವಿಚಾರಣೆಯ ದಿನ ವಕೀಲರಿಲ್ಲದೆ, ಮಾಸ್ತರರನ್ನು ಜೊತೆಗೆ ಕರೆದುಕೊಂಡು, ಗೋಣಿಚೀಲ ಹೊತ್ತು ಮೇಲ್ಮನವಿ ಮಂಡಳಿಯ ಮುಂದೆ ನಿಂತರು. ಚೀಲದಿಂದ ಮೊದಲು ಕವೆಗೋಲು ತೆಗೆದರು.

“ಈ ಕೋಲು ಗಿಡ ಬಗ್ಗಸತೈತಿ, ಹಿಡಿಯಂಗಿಲ್ಲ. ಹಿಡಿಯೂದು ಕೈನ. ಮುಳ್ಳು ನಡೂದೂ ಕೈಗೇನ.” ಮಾಸ್ತರರು ಇಂಗ್ಲಿಷಿಗೆ ತಿರುಗಿಸಿ ಹೇಳಿದರು.

ಆರು ಹಲ್ಲೇ ಇರಬೇಕೆಂದಿಲ್ಲವೇ ಎಂದು ಮಂಡಳಿಯವರು ಕೇಳಿದರು. ಸತ್ಯವ್ವ ಮತ್ತೆರಡು ಚಿಮಟಾ ತೆಗೆದು ಮೇಜಿನ ಮೇಲೆ ಇಟ್ಟರು. “ಇದು ನಾಕ ಹಲ್ಲಿಂದು, ಇದು ಎಂಟರದು. ಎಲ್ಲಾ ಕೀಳತಾವು. ಅರ್ಜಿಯಾಗ ಬರಸೇನಿ, ಓದ್ರಿ.”

ಎರಡನೆಯ ಪುಟದಲ್ಲೇ ಆ ಮಾತು ಇತ್ತು. ಆರು ವರ್ಷ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಲ್ಲಿನ ಷರತ್ತನ್ನು ಮಂಡಳಿ ತೆಗೆದುಹಾಕಿತು.

ಪೇಟೆಂಟು ಕೈಗೆ ಬಂದದ್ದು ಈ ಜನವರಿಯಲ್ಲಿ, 2010ರಲ್ಲಿ. ಇಪ್ಪತ್ತು ವರ್ಷದ ಹಕ್ಕು, ಆದರೆ ಎಣಿಕೆ ಅರ್ಜಿ ಹಾಕಿದ ದಿನದಿಂದ. “ಏಳ ವರ್ಷ ಅವರ ಮೇಜಿನ ಮ್ಯಾಲೇನ ಸತ್ತು ಹ್ವಾದವು. ಯಾರನ್ನ ಕೇಳೂಣ್ರಿ?” ಕಾರ್ಖಾನೆಗೆ ನೋಟಿಸು ಹೋಗಿದೆ, ಉತ್ತರ ಬಂದಿಲ್ಲ.

ಗೆದ್ದ ಖುಷಿ ಇಲ್ಲವೇ ಎಂದರೆ ಸತ್ಯವ್ವ ನಗುವುದಿಲ್ಲ. ಆಸೆಯೊಂದು ಇದೆ ಎನ್ನುತ್ತಾರೆ.

“ಆರ ಹಲ್ಲಂತ ಕಾಗದ ಬರದ ಸಾಹೇಬರು ಒಂದ ಸಲ ನಮ್ಮ ಹೊಲಕ್ಕ ಬರಲಿ. ಒಂದ ಸಾಲು, ಒಂದ ಸಾಲು ಬರೀಗೈಲೆ ಕೀಳಲಿ. ಆಮ್ಯಾಲೆ ಪೆನ್ನ ಹಿಡದು ನೋಡಲಿ.”