ಹಣ್ಣಾಗದ ಹುಣಸೆಬೀಜ

ನಮ್ಮ ಗ್ರಂಥಾಲಯದ ಆಟದ ಕಪಾಟು ತೆಗೆದರೆ ಊರಿಗೆ ಯಾವಾಗ ಯಾವ ಹುಚ್ಚು ಹಿಡಿದಿತ್ತೆಂದು ತಿಳಿಯುತ್ತದೆ. ಸಿನಿಮಾ ನಟರ ಚಿತ್ರದ ಇಸ್ಪೀಟು, ಕುಸ್ತಿಪಟುಗಳ ಕಾರ್ಡು, ಟಿ.ವಿ. ಕ್ವಿಜ್ ಜೋರಾಗಿದ್ದಾಗ ಬಂದ ಪ್ರಶ್ನೆಯ ಡಬ್ಬಿ, ಲಾಕ್‌ಡೌನ್ ವರ್ಷ ರಾಶಿ ಬಿದ್ದ ಲೂಡೊ. ಇವನ್ನೆಲ್ಲ ಒರೆಸಿ ಕಾಯುವವರು ಅಟೆಂಡರ್ ದೇವೀಂದ್ರಪ್ಪ. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಾರೆ. ಕಳೆದ ದಾಳ ಸಿಗುವ ತನಕ ಯಾರನ್ನೂ ಹೊರಗೆ ಬಿಡದ ಮನುಷ್ಯ.

ಒಂದು ಡಬ್ಬಿಯ ಮೇಲೆ ಮಾತ್ರ ‘ಕೊಡುವುದಿಲ್ಲ’ ಎಂದು ಅವರೇ ಚೀಟಿ ಅಂಟಿಸಿದ್ದರು. ಒಳಗೆ ಬಟ್ಟೆಯ ಮೇಲೆ ಹೊಲಿದ ಚೌಕಾಬಾರ, ನಾಲ್ಕು ಕವಡೆ, ಕಾಯಿಗಳೆಂದು ನಾಲ್ಕು ಹುಣಸೆಬೀಜ, ನಾಲ್ಕು ಕೆಂಪು ಬಳೆಚೂರು. ಊಟದ ಹೊತ್ತಿನಲ್ಲಿ ಅದನ್ನು ಹಾಸಿಕೊಂಡು ಒಬ್ಬರೇ ಎರಡೂ ಕಡೆ ಆಡುತ್ತಿದ್ದರು. ಎದುರಿನ ಖಾಲಿ ಕುರ್ಚಿಗೆ "ಈಗ ನಿಂದು" ಎನ್ನುತ್ತಿದ್ದರು. ಆಗಷ್ಟೇ ಬಂದ ಗ್ರಂಥಪಾಲಕಿ ನಾನು, ಮೊದಲೇ ಸಿಡುಕಿ. ಸರ್ಕಾರಿ ಕಪಾಟಿನಲ್ಲಿ ಸ್ವಂತದ್ದು ಯಾಕೆ ಎಂದು ರೇಗಿದೆ.

"ಮಗಳು ಸೌಂದರ್ಯಾನ ಬಳಿಚೂರು ಅವ್ರೀ. ಸೀರಿಯಲ್‌ನಾಗಿನ ನಾಯಕಿ ಹಾಕ್ತಾಳಂತ ಹಠ ಮಾಡಿ ತಗೊಂಡಿದ್ಲು. ಡೆಂಗಿ ಜ್ವರದಾಗ ಹೋದ್ಲು, ಎರಡು ವರ್ಷಾತು. ಮನ್ಯಾಗ ಕವಡಿ ಸಪ್ಪಳಾದ್ರ ಅವರವ್ವ ಎದ್ದು ಹೊರಗ ಹೋಗ್ತಾಳ. ಅದಕ್ಕ ಇಲ್ಲಿ ಇಟ್ಟೀನ್ರೀ."

ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಎಂದುಕೊಂಡೆ. ಆಮೇಲೆ ಅವರ ಆಟ ಗಮನಿಸತೊಡಗಿದೆ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ, ನಡುಮನೆ ಸೇರಿ ಹಣ್ಣಾಗುವಂತಿಲ್ಲ. ದೇವೀಂದ್ರಪ್ಪ ಬಳೆಚೂರನ್ನು ಹೊಡೆಯುತ್ತಲೇ ಇರಲಿಲ್ಲ. ಮಗಳ ಕಾಯಿಗಳು ಅವರವನ್ನು ಹೊಡೆದು ಹಣ್ಣಾಗುತ್ತಿದ್ದವು. ಅವರ ಬೀಜಗಳು ಎರಡು ವರ್ಷದಿಂದ ಹೊರಸುತ್ತಿನಲ್ಲೇ ತಿರುಗುತ್ತಿದ್ದವು. ನನಗೆ ಹೆದರಿಕೆಯೇ ಆಗುತ್ತಿತ್ತು. ಆ ಕುರ್ಚಿಯ ಮೇಲೆ ನನ್ನ ಬ್ಯಾಗ್ ಇಡುವುದನ್ನೂ ಬಿಟ್ಟೆ.

ಒಂದು ಮಧ್ಯಾಹ್ನ ಆಸ್ಮಾ ಅದರ ಮೇಲೆ ಕೂತೇಬಿಟ್ಟಳು. ಐವಾನ್-ಎ-ಶಾಹಿ ಬಡಾವಣೆಯ ಕಾಲೇಜು ಹುಡುಗಿ, ಪರೀಕ್ಷೆಗೆ ಓದಿ ಓದಿ ಬೇಸತ್ತಿದ್ದಳು.

"ಕಾಕಾ, ನಾನೂ ಆಡ್ತೀನ್ರೀ. ಕೆಂಪು ನಂದು."

ದೇವೀಂದ್ರಪ್ಪನವರ ಮುಖ ಬಿಳುಚಿಕೊಂಡಿತು. ನಾನು ತಡೆಯಲು ಎದ್ದೆ. ಅವರೇ ಬೇಡವೆಂದು ಕೈಸನ್ನೆ ಮಾಡಿ, ಕವಡೆಗಳನ್ನು ಅವಳ ಕಡೆಗೆ ಸರಿಸಿದರು.

ಆಟ ಅರ್ಧಕ್ಕೆ ಬಂದಾಗ ಅವರಿಗೆ ಚೌಕ, ಅಂದರೆ ನಾಲ್ಕು, ಬಿತ್ತು. ಅವರ ಒಂದು ಬೀಜದಿಂದ ನಾಲ್ಕನೇ ಮನೆಯಲ್ಲಿ ಕೆಂಪು ಚೂರಿತ್ತು. ಅವರು ಬೇರೊಂದು ಬೀಜಕ್ಕೆ ಕೈಹಾಕಿದರು.

"ಹೊಡೀರಿ ಕಾಕಾ," ಆಸ್ಮಾ ನಕ್ಕಳು. "ಸತ್ತ ಕಾಯಿ ಮತ್ತ ಹುಟ್ತದಲ್ರೀ?"

ಆ ಕೈ ಹಾಗೇ ನಿಂತಿತು. ಆಮೇಲೆ ಮೊದಲಿನ ಬೀಜವನ್ನೇ ನಾಲ್ಕು ಮನೆ ನಡೆಸಿ ಹೊಡೆದರು. ಬಳೆಚೂರನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಮರಳಿ ಹುಟ್ಟುಮನೆಯಲ್ಲಿ ಇಡಲು ಆಸ್ಮಾ ಕೈಚಾಚಿದಳು. ಅವರು ಕೊಡಲಿಲ್ಲ. ಅವಳು ಗಾಬರಿಯಾಗಿ ನನ್ನ ಕಡೆ ನೋಡಿದಳು. ತಾಳು ಎಂದು ನಾನು ಸನ್ನೆ ಮಾಡಿದೆ.

ಕಡೆಗೆ ಚೂರನ್ನು ಅವಳ ಅಂಗೈಯಲ್ಲಿಟ್ಟರು.

"ಹುಟ್ತದವ್ವಾ," ಅಂದರು. "ಆಟದಾಗ ಅಷ್ಟೇ."